ಎಪ್ಪತ್ತೈದನೆಯ ಕುರ್ಚಿ

ಅಕ್ಕನ ಮಗಳು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಳು. ಮೇಜಿನ ಮೇಲೆ ಎರಡು ಕೈಪಿಡಿಗಳು ತೆರೆದು ಬಿದ್ದಿದ್ದವು. ಒಂದರಲ್ಲಿ ಕರ್ನಾಟಕ ವಿಧಾನಸಭೆಯ ಸದಸ್ಯಬಲ 224 ಎಂದಿತ್ತು, ಇನ್ನೊಂದರಲ್ಲಿ 225. "ಮಾಮಾ, ಯಾವುದನ್ನ ಬರೀಲಿ?" ಅಂದಳು. ಒಂದೇ ಒಂದು ಅಂಕಿಯ ವ್ಯತ್ಯಾಸ, ಹತ್ತು ನಿಮಿಷದಲ್ಲಿ ನೋಡಿ ಹೇಳಿಬಿಡೋಣ ಅಂದುಕೊಂಡೆ. ಆ ಹತ್ತು ನಿಮಿಷ ತಿಂಗಳುಗಳಾದವು. ಹುಡುಕಾಟ ಶುರುವಾದದ್ದು ವಿಧಾನಸಭೆಯ ಲೆಕ್ಕದಿಂದ. ಅದು ನನ್ನನ್ನು ಕೊನೆಗೆ ತಂದು ನಿಲ್ಲಿಸಿದ್ದು ವಿಧಾನಸೌಧದ ಇನ್ನೊಂದು ಸದನದ ಬಾಗಿಲಲ್ಲಿ, ವಿಧಾನ ಪರಿಷತ್ತಿನ 75 ಕುರ್ಚಿಗಳ ಮುಂದೆ.

ಮೊದಲು ಕೈಗೆತ್ತಿಕೊಂಡದ್ದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ. ಯಾವ ರಾಜ್ಯದ ವಿಧಾನಸಭೆಗೆ ಎಷ್ಟು ಸ್ಥಾನ ಎಂಬುದು ಅದರ ಎರಡನೇ ಅನುಸೂಚಿಯಲ್ಲಿದೆ. ಕರ್ನಾಟಕದ ಸಾಲಿನಲ್ಲಿ 224 ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಅದರಲ್ಲಿ 36 ಪರಿಶಿಷ್ಟ ಜಾತಿಗೆ, 15 ಪರಿಶಿಷ್ಟ ಪಂಗಡಕ್ಕೆ ಮೀಸಲು. ಈ ಸಂಖ್ಯೆಗೂ ಒಂದು ಚರಿತ್ರೆಯಿದೆ. 1952ರ ಮೊದಲ ಚುನಾವಣೆಯಲ್ಲಿ ಮೈಸೂರು ರಾಜ್ಯದ ವಿಧಾನಸಭೆಗೆ 99 ಸ್ಥಾನಗಳಿದ್ದವು. ರಾಜ್ಯಗಳ ಪುನರ್ವಿಂಗಡಣೆಯ ನಂತರ, 1957ರಲ್ಲಿ, ಅವು 208 ಆದವು, 1967ರಲ್ಲಿ 216, 1978ರಲ್ಲಿ 224. ಅಲ್ಲಿಗೆ ಬೆಳವಣಿಗೆ ನಿಂತಿತು. 1976ರ 42ನೇ ತಿದ್ದುಪಡಿ ಸ್ಥಾನಗಳ ಸಂಖ್ಯೆಯನ್ನು 1971ರ ಜನಗಣತಿಗೆ ಕಟ್ಟಿಹಾಕಿತು. 84ನೇ ತಿದ್ದುಪಡಿ ಆ ಗಂಟನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. 2008ರಲ್ಲಿ ಕ್ಷೇತ್ರಗಳ ಗಡಿಗಳು ಬದಲಾದವು, ಒಟ್ಟು ಸಂಖ್ಯೆ ಬದಲಾಗಲಿಲ್ಲ. ಲೋಕಸಭೆಗೆ ನಮ್ಮಿಂದ 28 ಕ್ಷೇತ್ರ, ಒಂದೊಂದರ ಒಳಗೆ 8 ವಿಧಾನಸಭಾ ಕ್ಷೇತ್ರ. ಎಂಟು ಇಪ್ಪತ್ತೆಂಟಲೆ 224. ಲೆಕ್ಕ ಎಲ್ಲಿಯೂ ಜಾರುವುದಿಲ್ಲ.

ಹಾಗಾದರೆ 225 ಎಂದು ಬರೆದ ಕೈಪಿಡಿ ತಪ್ಪೇ? ಹಾಗೆಂದು ಹೇಳಿ ಎದ್ದುಬಿಡಬಹುದಿತ್ತು. ಆದರೆ ಕಾಯ್ದೆಯ ಒಂದು ಮಾತು ನನ್ನನ್ನು ತಡೆಯಿತು. ಆ ಅನುಸೂಚಿಯ ಅಂಕಿಗಳು ನೇರ ಚುನಾವಣೆಯಿಂದ ತುಂಬುವ ಸ್ಥಾನಗಳವು ಎಂದು ಅದು ಹೇಳುತ್ತದೆ. ನೇರ ಚುನಾವಣೆಯಿಲ್ಲದೆ ಬರುವ ದಾರಿಯೂ ಒಂದಿತ್ತು ಎಂಬ ಸುಳಿವು ಆ ಮಾತಿನಲ್ಲೇ ಇದೆ.

ಆ ದಾರಿ ಸಂವಿಧಾನದ 333ನೇ ವಿಧಿಯಲ್ಲಿದೆ. ಆಂಗ್ಲೋ ಇಂಡಿಯನ್ ಸಮುದಾಯಕ್ಕೆ ಸದನದಲ್ಲಿ ಸಾಕಷ್ಟು ಪ್ರಾತಿನಿಧ್ಯ ಸಿಕ್ಕಿಲ್ಲ ಎಂದು ರಾಜ್ಯಪಾಲರಿಗೆ ಅನಿಸಿದರೆ, ಆ ಸಮುದಾಯದ ಒಬ್ಬರನ್ನು ಅವರು ವಿಧಾನಸಭೆಗೆ ನಾಮಕರಣ ಮಾಡಬಹುದು. ಮೂಲ ಸಂವಿಧಾನದಲ್ಲಿ ಎಷ್ಟು ಮಂದಿ ಎಂಬುದೂ ರಾಜ್ಯಪಾಲರ ವಿವೇಚನೆಗೆ ಬಿಟ್ಟದ್ದಾಗಿತ್ತು. 1969ರ 23ನೇ ತಿದ್ದುಪಡಿ ಅದನ್ನು ಒಬ್ಬರಿಗೆ ಇಳಿಸಿತು. 224ಕ್ಕೆ ಆ ಒಬ್ಬರು ಸೇರಿದರೆ 225.

ಕಾಗದದಲ್ಲಿರುವುದು ಸದನದಲ್ಲೂ ಇತ್ತೇ ಎಂದು ನೋಡಬೇಕಿತ್ತು. ಅದಕ್ಕೆ ಒಳ್ಳೆಯ ದಾಖಲೆಯೆಂದರೆ ತಲೆ ಎಣಿಸಿದ ದಿನದ ಲೆಕ್ಕ. 2019ರ ಜುಲೈ 23ರಂದು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ವಿಶ್ವಾಸಮತ ಯಾಚನೆಯ ಪರವಾಗಿ 99, ವಿರುದ್ಧವಾಗಿ 105 ಮತಗಳು ಬಿದ್ದವು. 20 ಮಂದಿ ಗೈರಾಗಿದ್ದರು. ಸಭಾಧ್ಯಕ್ಷರು ಮತ ಹಾಕಲಿಲ್ಲ. ಕೂಡಿಸಿ ನೋಡಿ: 99, 105, 20, ಮತ್ತು 1. ಮೊತ್ತ 225. ನಾಮಕರಣಗೊಂಡ ಸದಸ್ಯೆಯೂ ಆ ಎಣಿಕೆಯ ಒಳಗೇ ಇದ್ದರು. ಹಾಗಾಗಿ ಆ ದಿನದ ಮಟ್ಟಿಗೆ 225 ಎಂದ ಕೈಪಿಡಿಯೂ ಸುಳ್ಳು ಹೇಳಿರಲಿಲ್ಲ.

ಆದರೆ 224 ಕೂಡ ಸುಳ್ಳಲ್ಲ. ಅದಕ್ಕೆ ಸಾಕ್ಷಿ ರಾಷ್ಟ್ರಪತಿ ಚುನಾವಣೆಯ ಕಡತ. ಅಲ್ಲಿ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ಇದು ಬರುವುದು ಹೀಗೆ: 1971ರ ಜನಗಣತಿಯ ಪ್ರಕಾರ ರಾಜ್ಯದ ಜನಸಂಖ್ಯೆ 2,92,99,014. ಅದನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದ ಭಾಗಲಬ್ಧದಲ್ಲಿ ಎಷ್ಟು ಸಾವಿರಗಳಿವೆ ಎಂದು ನೋಡಬೇಕು. ಉಳಿದದ್ದು 500 ಅಥವಾ ಹೆಚ್ಚಿದ್ದರೆ ಒಂದನ್ನು ಸೇರಿಸಬೇಕು. 224ರಿಂದ ಭಾಗಿಸಿದರೆ 1,30,799 ಬರುತ್ತದೆ. 130 ಸಾವಿರ, ಮಿಕ್ಕದ್ದು 799. ಆದ್ದರಿಂದ 131. ಅದೇ 225ರಿಂದ ಭಾಗಿಸಿದ್ದರೆ 1,30,217 ಬಂದು, ಮೌಲ್ಯ 130ಕ್ಕೇ ನಿಲ್ಲುತ್ತಿತ್ತು. ಆ ಒಂದೇ ಒಂದು ಅಂಕಿ, ರಾಷ್ಟ್ರಪತಿ ಚುನಾವಣೆಯ ಲೆಕ್ಕದಲ್ಲಿ ನಾಮಕರಣ ಸದಸ್ಯರನ್ನು ಸೇರಿಸಿಲ್ಲ ಎಂದು ಖಚಿತವಾಗಿ ಹೇಳುತ್ತದೆ.

ಒಂದೇ ಸದನಕ್ಕೆ ಎರಡು ಸಂಖ್ಯೆ, ಎರಡೂ ನಿಜ. ಇಷ್ಟು ವರ್ಷ ಈ ವ್ಯತ್ಯಾಸ ನಮ್ಮ ಕಣ್ಣಿಗೆ ಬೀಳದಿದ್ದುದಕ್ಕೂ ಕಾರಣವಿದೆ. ಚುನಾವಣೆಯ ಫಲಿತಾಂಶದ ದಿನ ಟಿವಿಯವರು ಮ್ಯಾಜಿಕ್ ನಂಬರ್ ಎಂದು ಹೇಳುವುದು 113. 224ರ ಅರ್ಧ 112, ಅದಕ್ಕಿಂತ ಒಂದು ಹೆಚ್ಚು 113. 225ರ ಅರ್ಧ 112.5, ಅದನ್ನು ದಾಟುವ ಮೊದಲ ಪೂರ್ಣ ಸಂಖ್ಯೆಯೂ 113. ಸರ್ಕಾರ ಉಳಿಯುವ, ಬೀಳುವ ಲೆಕ್ಕದಲ್ಲಿ ಎರಡೂ ಒಂದೇ ಕಡೆ ಬಂದು ಸೇರುತ್ತವೆ.

ಅಕ್ಕನ ಮಗಳಿಗೆ ಹೇಳಲು ಇಷ್ಟು ಸಾಕಿತ್ತು. ಆದರೆ ಸಂವಿಧಾನದ ಪುಟ ತಿರುಗಿಸುತ್ತಿದ್ದಾಗ 171ನೇ ವಿಧಿಯ ಮೊದಲ ಖಂಡ ಕಣ್ಣಿಗೆ ಬಿತ್ತು. ವಿಧಾನ ಪರಿಷತ್ತಿನ ಒಟ್ಟು ಸದಸ್ಯರ ಸಂಖ್ಯೆ ಆ ರಾಜ್ಯದ ವಿಧಾನಸಭೆಯ ಒಟ್ಟು ಸದಸ್ಯರ ಸಂಖ್ಯೆಯ ಮೂರನೇ ಒಂದು ಭಾಗವನ್ನು ಮೀರಬಾರದು ಎಂದು ಅದು ಹೇಳುತ್ತದೆ. ನಮ್ಮ ಪರಿಷತ್ತಿನಲ್ಲಿ 75 ಸದಸ್ಯರು. 75 ಮೂರಲೆ 225. ಸರಿಯಾಗಿ 225, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. 224ರ ಮೂರನೇ ಒಂದು ಭಾಗವೋ 74.67.

ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಂಗ್ಲೋ ಇಂಡಿಯನ್ ಸದಸ್ಯರ ನಾಮಕರಣ ಈಗ ಇಲ್ಲ ಎಂಬುದು ಗೊತ್ತಿತ್ತು. ಆ ಕುರ್ಚಿ ಹೋದ ಮೇಲೆ ವಿಧಾನಸಭೆಯಲ್ಲಿ ಉಳಿದದ್ದು 224. ಹಾಗಿದ್ದರೆ ಪರಿಷತ್ತಿನ 75ನೆಯ ಕುರ್ಚಿ ಯಾವ ನೆಲದ ಮೇಲೆ ನಿಂತಿದೆ?

ಇಂಥ ಪ್ರಶ್ನೆ ಎದುರಾದಾಗ ಮೊದಲು ಅನುಮಾನ ಪಡಬೇಕಾದದ್ದು ನಮ್ಮ ಓದಿನ ಮೇಲೆಯೇ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಿಂದ ಬೇರೆ ಬೇರೆ ಕಾಲದ ಸಂವಿಧಾನದ ಪ್ರತಿಗಳನ್ನು ತಂದು ಪಕ್ಕಪಕ್ಕ ಇಟ್ಟುಕೊಂಡೆ. ಹೊಸ ಪ್ರತಿಯಲ್ಲಿ 333ನೇ ವಿಧಿಯನ್ನು ತೆಗೆದು ಹಾಕಿರುತ್ತಾರೆ ಎಂದು ಎಣಿಸಿದ್ದೆ. ಆದರೆ ಅದು ಹಾಗೇ ಇದೆ. ರಾಜ್ಯಪಾಲರು ಒಬ್ಬರನ್ನು ನಾಮಕರಣ ಮಾಡಬಹುದು ಎಂಬ ಮಾತು ಇವತ್ತಿನ ಪುಸ್ತಕದಲ್ಲೂ ಅಚ್ಚಾಗಿದೆ. ಕ್ಷಣಕಾಲ, ನಾನು ಹೆಣೆದ ಒಗಟೇ ಸುಳ್ಳು, ಆ ಕುರ್ಚಿ ಇನ್ನೂ ಜೀವಂತವಾಗಿದೆ ಅನಿಸಿತು.

ಅದರ ಮರುವಿಧಿ 334 ಆ ಅನಿಸಿಕೆಯನ್ನು ನಿಲ್ಲಿಸಿತು. ಮೀಸಲಾತಿಗೂ ನಾಮಕರಣಕ್ಕೂ ಕಾಲಮಿತಿ ಹಾಕುವ ವಿಧಿ ಅದು. ಸಂವಿಧಾನ ಜಾರಿಗೆ ಬಂದಾಗ ಅಲ್ಲಿದ್ದದ್ದು ಹತ್ತು ವರ್ಷ. 1959, 1969, 1980, 1989, 1999, 2009ರ ತಿದ್ದುಪಡಿಗಳು ಅದನ್ನು ಹತ್ತು ಹತ್ತು ವರ್ಷ ಮುಂದೂಡುತ್ತ ಬಂದವು. 2019ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 104ನೇ ತಿದ್ದುಪಡಿ ಪರಿಶಿಷ್ಟ ಜಾತಿ, ಪಂಗಡಗಳ ಮೀಸಲಾತಿಗೆ 80 ವರ್ಷ ಎಂದು ಬರೆದು, ಆಂಗ್ಲೋ ಇಂಡಿಯನ್ ನಾಮಕರಣವನ್ನು 70 ವರ್ಷಕ್ಕೇ ಬಿಟ್ಟಿತು. 333ನೇ ವಿಧಿಯನ್ನು ಯಾರೂ ಅಳಿಸಲಿಲ್ಲ. ಅದರ ಅವಧಿ ತೀರಿತು, ಅಷ್ಟೆ. ಒಂದು ವಿಧಿಯನ್ನು ಒಂಟಿಯಾಗಿ ಓದಿದರೆ ಎಷ್ಟು ದೂರ ದಾರಿ ತಪ್ಪಬಹುದು ಎಂಬುದಕ್ಕೆ ಆ ಪುಟಗಳೇ ನನಗೆ ಪಾಠವಾದವು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಆ ತಿದ್ದುಪಡಿಯ ಚರ್ಚೆಯ ಹೊತ್ತಿನಲ್ಲಿ ಆಗಿನ ಕೇಂದ್ರ ಕಾನೂನು ಸಚಿವ ರವಿಶಂಕರ ಪ್ರಸಾದ್ ಅವರು, 2011ರ ಜನಗಣತಿಯ ಪ್ರಕಾರ ದೇಶದಲ್ಲಿರುವ ಆಂಗ್ಲೋ ಇಂಡಿಯನ್ನರು 296 ಮಂದಿ ಎಂದರು. ಸಮುದಾಯದವರು ಆ ಅಂಕಿಯನ್ನು ಒಪ್ಪಲಿಲ್ಲ, ತಮ್ಮ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚು ಎಂದರು. ಒಂದು ಸಮುದಾಯದ ತಲೆ ಎಣಿಸುವುದರಲ್ಲೇ ಇಷ್ಟು ಭಿನ್ನಮತವಿದ್ದಾಗ, ಅದರ ಆಧಾರದ ಮೇಲೆ ಕಳೆದ ಕುರ್ಚಿ ಮತ್ತೆ ಯಾವ ಯಾವ ಲೆಕ್ಕವನ್ನು ಅಲುಗಿಸಿತು ಎಂದು ನೋಡುವುದು ನಮ್ಮ ಹೊಣೆ.

ಕುರ್ಚಿ ಹೋದ ದಿನ ಯಾವುದು? 2020ರ ಜನವರಿ 25 ಎಂದು ಮೊದಲು ಬರೆದುಕೊಂಡಿದ್ದೆ, 104ನೇ ತಿದ್ದುಪಡಿ ಜಾರಿಗೆ ಬಂದದ್ದು ಅಂದು. ಆಮೇಲೆ 334ರ ಪರಂತುಕವನ್ನು, ಅಂದರೆ ವಿಧಿಗೆ ಜೋಡಿಸಿದ ವಿನಾಯಿತಿಯ ಮಾತನ್ನು, ಓದಿ ಆ ಸಾಲನ್ನು ಹೊಡೆದುಹಾಕಿದೆ. ಆಗ ಅಸ್ತಿತ್ವದಲ್ಲಿದ್ದ ವಿಧಾನಸಭೆ ವಿಸರ್ಜನೆಯಾಗುವವರೆಗೆ ಅದರಲ್ಲಿನ ಪ್ರಾತಿನಿಧ್ಯಕ್ಕೆ ಧಕ್ಕೆಯಿಲ್ಲ ಎಂದು ಪರಂತುಕ ಹೇಳುತ್ತದೆ. 2018ರಲ್ಲಿ ರಚನೆಯಾದ ನಮ್ಮ ವಿಧಾನಸಭೆ ಮುಗಿದದ್ದು 2023ರ ಮೇ ತಿಂಗಳಿನಲ್ಲಿ. ಹಾಗಾಗಿ 225 ಎಂಬ ಸಂಖ್ಯೆಗೆ ನೆಲೆಯಿದ್ದದ್ದು ಅಲ್ಲಿಯವರೆಗೆ. 2023ರ ಮೇ 10ರಂದು ಮತದಾನವಾಗಿ ಬಂದ ಹದಿನಾರನೇ ವಿಧಾನಸಭೆ ಮೊದಲ ದಿನದಿಂದಲೂ 224.

ಇನ್ನು 75ರ ಮೂಲವನ್ನು ಹಿಡಿಯಬೇಕಿತ್ತು. ಅದು 225ನ್ನು ಮೂರರಿಂದ ಭಾಗಿಸಿ ಬಂದದ್ದೋ, ಅಥವಾ ಇದು ಬರಿಯ ಕಾಕತಾಳೀಯವೋ? ಹಳೆಯ ಮೈಸೂರಿನಿಂದ ಶುರು ಮಾಡಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ನ್ಯಾಯವಿಧಾಯಕ ಸಭೆ ಬಂತು. ಗಣರಾಜ್ಯವಾದ ಮೇಲೆ ಮೈಸೂರಿನ ವಿಧಾನ ಪರಿಷತ್ತಿಗೆ ಸಿಕ್ಕಿದ್ದು 40 ಸ್ಥಾನ. ರಾಜ್ಯ ಹಿಗ್ಗಿದ ಮೇಲೆ ಅದು 63ಕ್ಕೆ ಏರಿ ಬಹುಕಾಲ ಹಾಗೇ ಇತ್ತು. ಕೊನೆಗೆ 75. 208ರ ಮೂರನೇ ಒಂದು ಭಾಗ 69.33, ಆದರೂ ಪರಿಷತ್ತು 63ರಲ್ಲೇ ಇತ್ತು. ಅಂದರೆ ಪರಿಷತ್ತು ಯಾವಾಗಲೂ ಮಿತಿಯ ಅಂಚಿನವರೆಗೆ ಹೋಗಿ ನಿಂತದ್ದಲ್ಲ. ಈ ಚರಿತ್ರೆ 75ರ ಗುಟ್ಟನ್ನು ಬಿಟ್ಟುಕೊಡಲಿಲ್ಲ.

ಆದರೂ ಈ ದಾರಿಯಲ್ಲಿ ಒಂದು ವಸ್ತು ಸಿಕ್ಕಿತು. 1952ರಲ್ಲಿ 171ನೇ ವಿಧಿಯ ಮಿತಿ ಮೂರನೇ ಒಂದು ಭಾಗವಾಗಿರಲಿಲ್ಲ, ನಾಲ್ಕನೇ ಒಂದು ಭಾಗವಾಗಿತ್ತು. 1956ರ ಏಳನೇ ತಿದ್ದುಪಡಿ ಅದನ್ನು ಹೆಚ್ಚಿಸಿತು. 99ರಲ್ಲಿ ನಾಲ್ಕನೇ ಒಂದು ಭಾಗ 25 ಕೂಡ ಆಗದು. ಹಾಗಿದ್ದೂ ಮೈಸೂರಿಗೆ 40 ಸಿಕ್ಕಿದ್ದು ಹೇಗೆ? ಅದೇ ವಿಧಿಯ ಪರಂತುಕದಿಂದ. ಯಾವ ಪರಿಷತ್ತೂ 40ಕ್ಕಿಂತ ಕಡಿಮೆ ಇರಕೂಡದು ಎನ್ನುತ್ತದೆ ಅದು. ಮೇಲಿನ ಮಿತಿ ಮತ್ತು ಕೆಳಗಿನ ಮಿತಿ ಡಿಕ್ಕಿ ಹೊಡೆದರೆ ಗೆಲ್ಲುವುದು ಕೆಳಗಿನ ಮಿತಿ ಎಂಬುದಕ್ಕೆ ನಮ್ಮ ಹಳೆಯ ಮೈಸೂರೇ ಉದಾಹರಣೆ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಒಂದು ರಾಜ್ಯದ ಕಡತ ಬಾಯಿ ಬಿಡದಿದ್ದರೆ ಬೇರೆ ರಾಜ್ಯಗಳ ಕಡತ ನೋಡಬೇಕು. ಇವತ್ತು ವಿಧಾನ ಪರಿಷತ್ತು ಇರುವುದು ಆರು ರಾಜ್ಯಗಳಲ್ಲಿ. ಉತ್ತರ ಪ್ರದೇಶದ ವಿಧಾನಸಭೆ 403, ಪರಿಷತ್ತು 100. ಮಹಾರಾಷ್ಟ್ರ 288, 78. ಬಿಹಾರ 243, 75. ಈ ಮೂರೂ ಮಿತಿಗಿಂತ ಬಹಳ ಕೆಳಗಿವೆ, ನಮ್ಮ ಒಗಟಿಗೆ ಅವುಗಳಿಂದ ಪ್ರಯೋಜನವಿಲ್ಲ. ಮಿತಿಯ ಅಂಚಿನಲ್ಲಿರುವವು ಆಂಧ್ರಪ್ರದೇಶ, ತೆಲಂಗಾಣ ಮತ್ತು ಕರ್ನಾಟಕ. ಇವುಗಳ ಜತೆಗೆ ತಮಿಳುನಾಡನ್ನೂ ಇಟ್ಟುಕೊಂಡೆ. 2010ರಲ್ಲಿ ಸಂಸತ್ತು ಅಲ್ಲಿಗೆ 78 ಸದಸ್ಯರ ಪರಿಷತ್ತನ್ನು ಕಾಯ್ದೆಯ ಮೂಲಕ ಕೊಟ್ಟಿತ್ತು, ಅದು ರಚನೆಯಾಗಲೇ ಇಲ್ಲ.

ಈಗ ಎರಡು ಊಹೆಗಳನ್ನು ಎದುರುಬದುರು ನಿಲ್ಲಿಸಿದೆ. ಮೊದಲನೆಯದು: ಸಂಸತ್ತು ನಾಮಕರಣ ಸದಸ್ಯರನ್ನೂ ಸೇರಿಸಿ ಎಣಿಸುತ್ತಿತ್ತು, ಭಿನ್ನರಾಶಿ ಬಂದರೆ ಬಿಟ್ಟುಬಿಡುತ್ತಿತ್ತು. ಎರಡನೆಯದು: ಚುನಾಯಿತರನ್ನು ಮಾತ್ರ ಎಣಿಸುತ್ತಿತ್ತು, ಭಿನ್ನರಾಶಿ ಬಂದರೆ ಹತ್ತಿರದ ಪೂರ್ಣ ಸಂಖ್ಯೆ ಹಿಡಿಯುತ್ತಿತ್ತು. ಕರ್ನಾಟಕಕ್ಕೆ ಮೊದಲ ಊಹೆಯಲ್ಲಿ 225ರಿಂದ ನೇರವಾಗಿ 75, ಎರಡನೆಯದರಲ್ಲಿ 74.67 ಹತ್ತಿರಕ್ಕೆ ಸರಿದು 75. ಆಂಧ್ರದಲ್ಲಿ 175 ಚುನಾಯಿತ ಸ್ಥಾನಗಳು. 2015ರಲ್ಲಿ ಪರಿಷತ್ತನ್ನು 50ರಿಂದ 58ಕ್ಕೆ ಏರಿಸಿದರು. ಮೊದಲ ಊಹೆಯಲ್ಲಿ 176ರಿಂದ 58.67 ಬಂದು, ಭಿನ್ನ ಬಿಟ್ಟರೆ 58. ಎರಡನೆಯದರಲ್ಲಿ 58.33 ಬಂದು ಮತ್ತೆ 58. ತಮಿಳುನಾಡಿಗೆ 234, ಒಂದರಲ್ಲಿ 78.33, ಇನ್ನೊಂದರಲ್ಲಿ ಸರಿಯಾಗಿ 78. ಎರಡಕ್ಕೂ ಉತ್ತರ 78. ತೆಲಂಗಾಣಕ್ಕೆ 119, ಒಂದರಲ್ಲಿ 120ರಿಂದ ಸರಿಯಾಗಿ 40, ಇನ್ನೊಂದರಲ್ಲಿ 39.67 ಹತ್ತಿರಕ್ಕೆ ಸರಿದು 40.

ನಾಲ್ಕು ಸಾಕ್ಷಿಗಳನ್ನು ಕರೆದೆ, ನಾಲ್ವರೂ ಎರಡೂ ಕಡೆಗೆ ಹೊಂದುವ ಮಾತನ್ನೇ ಹೇಳಿದರು. ಆ ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡದ್ದು ಒಂದೇ ಸಾಲು: ಅಂಕಿಗಳಿಂದ ಇದು ತೀರ್ಮಾನವಾಗದು.

ತಿರುವು ಸಿಕ್ಕಿದ್ದು ಅಂಕಿಗಳನ್ನು ಬದಿಗಿಟ್ಟು ಪದಗಳನ್ನು ನೋಡಿದಾಗ. ರಾಷ್ಟ್ರಪತಿಯನ್ನು ಆರಿಸುವವರು ಯಾರು ಎಂದು 54ನೇ ವಿಧಿ ಹೇಳುವಾಗ ವಿಧಾನಸಭೆಗಳ ಚುನಾಯಿತ ಸದಸ್ಯರು ಎನ್ನುತ್ತದೆ. ರಾಜ್ಯಸಭೆಗೆ ಪ್ರತಿನಿಧಿಗಳನ್ನು ಆರಿಸುವ ಕುರಿತ 80ನೇ ವಿಧಿಯೂ ಚುನಾಯಿತ ಸದಸ್ಯರು ಎಂದೇ ಹೇಳುತ್ತದೆ. ಆದರೆ 171ನೇ ವಿಧಿಯಲ್ಲಿ, ಪರಿಷತ್ತಿನ ಮೂರನೇ ಒಂದು ಭಾಗವನ್ನು ವಿಧಾನಸಭೆಯಿಂದ ಆರಿಸುವ ಮಾತು ಬಂದಾಗ, ಬರಿಯ ಸದಸ್ಯರು ಎಂದಿದೆ. ಚುನಾಯಿತ ಎಂಬ ವಿಶೇಷಣ ಇಲ್ಲ. ಅದೇ ವಿಧಿಯ ಮೊದಲ ಖಂಡದಲ್ಲೂ ಒಟ್ಟು ಸದಸ್ಯರು ಎಂದಿದೆ, ಅಲ್ಲಿಯೂ ಆ ವಿಶೇಷಣ ಇಲ್ಲ. ಚುನಾಯಿತರನ್ನು ಮಾತ್ರ ಎಣಿಸಬೇಕಾದಲ್ಲೆಲ್ಲ ಹಾಗೆಂದು ಬಿಡಿಸಿ ಹೇಳಿದ ಕೈಗಳು ಇಲ್ಲಿ ಮಾತ್ರ ಮರೆತವು ಎಂದು ನಂಬುವುದು ಕಷ್ಟ. ಆದ್ದರಿಂದ 171ರ ಲೆಕ್ಕಕ್ಕೆ ನಾಮಕರಣ ಸದಸ್ಯರೂ ಸೇರುತ್ತಾರೆ. ಮೊದಲ ಊಹೆಯ ತಕ್ಕಡಿ ಕೆಳಗಿಳಿಯಿತು.

ಎರಡನೆಯ ಊಹೆಯನ್ನೂ ಇದೇ ರೀತಿ ಪದಗಳಿಂದ ಪರೀಕ್ಷಿಸಿದೆ. ಭಿನ್ನರಾಶಿಯನ್ನು ಮೇಲಕ್ಕೆ ಸರಿಸಬೇಕಾದಲ್ಲಿ ಸಂವಿಧಾನ ಅದನ್ನೂ ಹೇಳುತ್ತದೆ. ಮತದ ಮೌಲ್ಯದ ಲೆಕ್ಕದಲ್ಲಿ 500 ಉಳಿದರೆ ಒಂದು ಸೇರಿಸಿ ಎಂದು 55ನೇ ವಿಧಿ ಹೇಳಿದ್ದನ್ನು ಆಗಲೇ ನೋಡಿದೆವು. 171ರ ಮೂರನೇ ಖಂಡದಲ್ಲಿ, ಪರಿಷತ್ತಿನ ಒಳಗಿನ ಪಾಲುಗಳನ್ನು ಹೇಳುವಾಗ, ಸಾಧ್ಯವಾದಷ್ಟು ಹತ್ತಿರವಾಗಿ ಎಂಬ ಸಡಿಲಿಕೆಯಿದೆ. ಮೊದಲ ಖಂಡದಲ್ಲಿ ಇವೆರಡೂ ಇಲ್ಲ. ಮೀರಬಾರದು ಎಂಬ ಮಾತಷ್ಟೇ ಇದೆ. ಮೀರಬಾರದ ಗೆರೆಯನ್ನು ಹತ್ತಿರದ ಪೂರ್ಣ ಸಂಖ್ಯೆಗೆ ಸರಿಸುತ್ತ ಹೋದರೆ ಅದು ಗೆರೆಯಾಗಿ ಉಳಿಯುವುದಿಲ್ಲ.

ಆ ಸಡಿಲಿಕೆ ಎಷ್ಟು ದೂರ ಹಿಗ್ಗಬಲ್ಲದು ಎಂಬುದಕ್ಕೂ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಮೂರನೇ ಅನುಸೂಚಿ ಸಾಕ್ಷಿ. ಸಂವಿಧಾನದ ಪ್ರಕಾರ ಪದವೀಧರರಿಗೆ ಹನ್ನೆರಡನೇ ಒಂದು ಭಾಗ, ಶಿಕ್ಷಕರಿಗೂ ಅಷ್ಟೇ. 75ರಲ್ಲಿ ಅದು 6.25. ಬಿಹಾರದ ಪರಿಷತ್ತೂ 75. ಅಲ್ಲಿ ಪದವೀಧರರಿಗೆ 6, ಶಿಕ್ಷಕರಿಗೆ 6. ನಮ್ಮಲ್ಲಿ 7 ಮತ್ತು 7. ನಮ್ಮ ಪರಿಷತ್ತಿನಲ್ಲಿ ವಿಧಾನಸಭೆಯಿಂದ 25, 20 ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ 25, ರಾಜ್ಯಪಾಲರ ನಾಮಕರಣದಿಂದ 11. ಬಿಹಾರದಲ್ಲಿ ಅವು ಕ್ರಮವಾಗಿ 27, 24 ಮತ್ತು 12. ಒಂದೇ ಸಂಖ್ಯೆಯನ್ನು ಎರಡು ರಾಜ್ಯಗಳಿಗೆ ಎರಡು ಬಗೆಯಲ್ಲಿ ಹಂಚಿದ್ದಾರೆ. ಇದರಲ್ಲಿ ತಪ್ಪಿಲ್ಲ, ಪಾಲುಗಳ ವಿಷಯದಲ್ಲಿ ಸಂಸತ್ತಿಗೆ ಬೇರೆ ಬಗೆಯಲ್ಲಿ ಕಾನೂನು ಮಾಡುವ ಅಧಿಕಾರವನ್ನು ಅದೇ ವಿಧಿಯ ಎರಡನೇ ಖಂಡ ಕೊಟ್ಟಿದೆ. ಆದರೆ ಆ ಅಧಿಕಾರ ಪಾಲಿನದು. ಒಟ್ಟು ಮಿತಿಯನ್ನು ದಾಟುವ ಅಧಿಕಾರ ಅಲ್ಲಿಲ್ಲ.

ಇಷ್ಟಾದರೂ ಎದುರು ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಅದಕ್ಕೆ ಬಲವಾದ ಆಸರೆ ನಮ್ಮ ವಿಧಾನಸೌಧದಲ್ಲೇ ಇದೆ. 2003ರ 91ನೇ ತಿದ್ದುಪಡಿಯ ಪ್ರಕಾರ ಮುಖ್ಯಮಂತ್ರಿಯೂ ಸೇರಿ ಸಚಿವರ ಸಂಖ್ಯೆ ವಿಧಾನಸಭೆಯ ಒಟ್ಟು ಸದಸ್ಯರ ಶೇ 15ನ್ನು ಮೀರಬಾರದು. 224ರ ಶೇ 15 ಅಂದರೆ 33.6, 225ರದ್ದು 33.75. ಆದರೂ ನಮ್ಮಲ್ಲಿ 34ನ್ನೇ ಮಿತಿ ಎಂದು ಎಣಿಸುವುದು ರೂಢಿ, 2023ರ ಮೇ 27ರಂದು ಸಂಪುಟ ಭರ್ತಿಯಾದಾಗ ಸಚಿವರು 34 ಮಂದಿಯೇ ಆದರು. ಅಲ್ಲಿಯೂ ಪದ ಮೀರಬಾರದು ಎಂಬುದೇ. ಭಿನ್ನರಾಶಿಯನ್ನು ಪೂರ್ಣ ಮಾಡಿಕೊಳ್ಳುವ ರೂಢಿ ಬೇರೂರಿದೆ ಎಂದು ಇದು ತೋರಿಸುತ್ತದೆ. ರೂಢಿಯಿದೆ ಎಂಬುದು ನಿಜ; ಆದರೆ ರೂಢಿಯಿದ್ದ ಮಾತ್ರಕ್ಕೆ ಪಠ್ಯದ ಅರ್ಥ ಬದಲಾಯಿತು ಎಂದು ನನಗೆ ಅನಿಸದು.

ಇನ್ನೊಂದು ವಾದ: 75 ಎಂದು ಕಾನೂನು ಮಾಡಿದಾಗ ಅದು ಮಿತಿಯೊಳಗಿತ್ತು, ಆಮೇಲೆ ಬುನಾದಿ ಕುಗ್ಗಿದರೆ ಕಾನೂನು ತಾನಾಗಿ ಬೀಳುವುದಿಲ್ಲ. ಇದರಲ್ಲಿ ತಿರುಳಿದೆ. ಆದರೆ ಮೊದಲ ಖಂಡ ಕಾನೂನು ಮಾಡುವ ದಿನದ ಬಗ್ಗೆ ಮಾತಾಡುತ್ತಿಲ್ಲ, ಪರಿಷತ್ತು ಇರುವವರೆಗಿನ ಸ್ಥಿತಿಯ ಬಗ್ಗೆ ಮಾತಾಡುತ್ತಿದೆ.

ಮೂರನೆಯ ಸಂದೇಹ ನನ್ನ ಊಹೆಯ ಬುಡಕ್ಕೇ ಬರುತ್ತದೆ. ರಾಜ್ಯಪಾಲರು ನಾಮಕರಣ ಮಾಡಲೇಬೇಕು ಎಂದಿರಲಿಲ್ಲ, ಮಾಡಬಹುದು ಎಂದಷ್ಟೇ ಇತ್ತು. ಪ್ರತಿ ಚುನಾವಣೆಯ ನಂತರ ನಾಮಕರಣವಾಗುವವರೆಗೆ ಸದನ 224 ಆಗಿಯೇ ಇರುತ್ತಿತ್ತಲ್ಲವೇ? ಕುರ್ಚಿಯಲ್ಲಿ ಕೂತವರನ್ನೇ ಎಣಿಸುವುದಾದರೆ ಒಬ್ಬ ಶಾಸಕರು ತೀರಿಕೊಂಡ ದಿನವೇ ಪರಿಷತ್ತಿನ ಮಿತಿ ಇಳಿಯಬೇಕಾಗುತ್ತದೆ. ಅದು ಯಾರೂ ಒಪ್ಪದ ಅರ್ಥ. ಹಾಗಾಗಿ ಎಣಿಸಬೇಕಾದದ್ದು ಕಾನೂನು ಅವಕಾಶ ಕೊಟ್ಟ ಸ್ಥಾನಗಳನ್ನು, ಕೂತವರನ್ನಲ್ಲ. ಆ ಲೆಕ್ಕದಲ್ಲಿ 225 ನಿಲ್ಲುತ್ತದೆ. ಆದರೂ 75ನೆಯ ಕುರ್ಚಿ ನಿಂತದ್ದು ರಾಜ್ಯಪಾಲರ ಇಚ್ಛೆಗೆ ಬಿಟ್ಟ ಒಂದು ಸ್ಥಾನದ ಮೇಲೆ ಎಂಬುದನ್ನು ಒಪ್ಪಲೇಬೇಕು. ಅದು ಮೊದಲಿನಿಂದಲೂ ತೆಳ್ಳಗಿನ ಆಧಾರ.

ತೆಲಂಗಾಣದ ಗತಿಯೇನು? ಅಲ್ಲೂ 119ರ ಮೂರನೇ ಒಂದು ಭಾಗ 39.67, ಪರಿಷತ್ತು 40. ಆದರೆ ಅವರಿಗೆ 40ಕ್ಕಿಂತ ಕಡಿಮೆ ಇರಕೂಡದು ಎಂಬ ಪರಂತುಕದ ರಕ್ಷಣೆಯಿದೆ, 1952ರಲ್ಲಿ ನಮ್ಮ ಮೈಸೂರಿಗೆ ಇದ್ದಂತೆಯೇ. ಕರ್ನಾಟಕಕ್ಕೆ ಆ ರಕ್ಷಣೆಯಿಲ್ಲ. ಈ ಆರು ರಾಜ್ಯಗಳಲ್ಲಿ, ಪರಂತುಕದ ಆಸರೆಯಿಲ್ಲದೆ ಮೇಲಿನ ಮಿತಿಯನ್ನು ದಾಟಿ ನಿಂತಿರುವುದು ನಮ್ಮ ಪರಿಷತ್ತೊಂದೇ. ದಾಟಿರುವುದು ಒಂದು ಸ್ಥಾನದ ಮೂರನೇ ಒಂದು ಭಾಗದಷ್ಟು.

ಇದರಿಂದ ಆಕಾಶ ಬೀಳುವುದಿಲ್ಲ. ಅರ್ಹತೆಯಿಲ್ಲದವರು ಸದನದಲ್ಲಿ ಕೂತು ಮತ ಹಾಕಿದ್ದು ಆಮೇಲೆ ಗೊತ್ತಾದರೂ ಸದನದ ನಡಾವಳಿ ಸಿಂಧುವಾಗಿಯೇ ಉಳಿಯುತ್ತದೆ ಎಂದು 189ನೇ ವಿಧಿ ಹೇಳುತ್ತದೆ. ಪರಿಷತ್ತು ಒಪ್ಪಿದ ಮಸೂದೆಗಳಿಗೆ ಈ ಭಿನ್ನರಾಶಿಯಿಂದ ಅಪಾಯವಿಲ್ಲ. ಪರಿಷತ್ತಿನ ಯಾವ ಸದಸ್ಯರನ್ನೂ ನೀವೇ ಆ 75ನೆಯವರು ಎಂದು ಬೆರಳು ಮಾಡಿ ತೋರಿಸಲು ಸಾಧ್ಯವಿಲ್ಲ, ತೋರಿಸಬಾರದು ಕೂಡ.

ಸರಿಪಡಿಸುವ ದಾರಿಯನ್ನೂ ಲೆಕ್ಕ ಹಾಕಿ ನೋಡಿದೆ. ಪರಿಷತ್ತು 74 ಆದರೆ ಮೂರನೇ ಒಂದು ಭಾಗ 24.67, ಹತ್ತಿರದ ಸಂಖ್ಯೆ 25. ಹನ್ನೆರಡನೇ ಒಂದು ಭಾಗ 6.17, ಹತ್ತಿರದ ಸಂಖ್ಯೆ 6. ವಿಧಾನಸಭೆಯಿಂದ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರು 6, ಶಿಕ್ಷಕರು 6, ಉಳಿದ ನಾಮಕರಣ 12. ಮೊತ್ತ 74. ಅಂಕಗಣಿತ ಇಷ್ಟು ಚೊಕ್ಕವಾಗಿ ಕೂಡಿಬಂದಾಗ ಖುಷಿಯಾಯಿತು, ನಿಜ. ಆದರೆ ಆ ಹಂಚಿಕೆಯಲ್ಲಿ ಪದವೀಧರರೂ ಶಿಕ್ಷಕರೂ ತಲಾ ಒಂದು ಸ್ಥಾನ ಕಳೆದುಕೊಂಡು, ನಾಮಕರಣದ ಪಾಲು ಒಂದು ಹೆಚ್ಚುತ್ತದೆ. ಮತದಾರರ ಕೈಯಿಂದ ಕಿತ್ತು ನಾಮಕರಣಕ್ಕೆ ಕೊಡುವ ತಿದ್ದುಪಡಿಯನ್ನು ನಾನು ಬೆಂಬಲಿಸಲಾರೆ. ಒಂದು ಸ್ಥಾನ ಹೋಗಲೇಬೇಕಾದರೆ ಅದು ನಾಮಕರಣದ 11ರಲ್ಲಿ ಹೋಗಲಿ. ಉಳಿದ ಹಂಚಿಕೆಗೆ ಎರಡನೇ ಖಂಡದ ಅಧಿಕಾರ ಸಂಸತ್ತಿಗೆ ಹೇಗೂ ಇದೆ.

ನನ್ನ ತೀರ್ಮಾನವನ್ನು ಹೀಗೆ ಹೇಳುತ್ತೇನೆ. 75 ಎಂಬ ಸಂಖ್ಯೆ ಬಂದಾಗ ಅದು ಸರಿಯಾಗಿತ್ತು ಎಂಬುದಕ್ಕೆ ಪದಗಳ ಸಾಕ್ಷಿ ಬಲವಾಗಿದೆ, ಅಂಕಿಗಳ ಸಾಕ್ಷಿ ತಟಸ್ಥವಾಗಿದೆ. 2023ರ ಮೇ ತಿಂಗಳ ನಂತರ ಅದು 171ನೇ ವಿಧಿಯ ಅಕ್ಷರಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಓದು. ಇದನ್ನು ಅಂತಿಮವಾಗಿ ಹೇಳಬೇಕಾದದ್ದು ನ್ಯಾಯಾಲಯ, ಸರಿಪಡಿಸಬೇಕಾದದ್ದು ಸಂಸತ್ತು. 2026ರ ನಂತರದ ಜನಗಣತಿಯ ಮೇಲೆ ವಿಧಾನಸಭೆಯ ಸ್ಥಾನಗಳನ್ನು ಹೊಸದಾಗಿ ಎಣಿಸುವ ದಿನ ಬರಲಿದೆ. ಅಂದು ಕೆಳಮನೆಯ ಸಂಖ್ಯೆ ತಿದ್ದುವವರು ಮೂರನೇ ಅನುಸೂಚಿಯ ಪುಟವನ್ನೂ ಜತೆಗೆ ತೆರೆದಿಟ್ಟುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ. ಒಂದು ಕುರ್ಚಿ ತೆಗೆಯುವಾಗ ಅದಕ್ಕೆ ಒರಗಿಕೊಂಡು ನಿಂತದ್ದು ಏನೇನು ಎಂದು ನೋಡುವುದು ಕಾನೂನು ಮಾಡುವವರ ಕರ್ತವ್ಯ.

ಅಕ್ಕನ ಮಗಳಿಗೆ ಕೊನೆಗೆ ಹೇಳಿದ್ದು ಇಷ್ಟು: 1978ರಿಂದ 2023ರ ಮೇ ತಿಂಗಳವರೆಗಿನ ಪ್ರಶ್ನೆಯಾದರೆ ಚುನಾಯಿತರು 224, ಒಟ್ಟು 225. ಆಮೇಲಿನದಾದರೆ ಎರಡಕ್ಕೂ ಉತ್ತರ 224.